ಅರ್ಧ ಊಟಕ್ಕೇ ಎಲೆ ಎತ್ತುವ ಚಾರ್ಜರ್: ನಮ್ಮ ಟ್ರೇಲರಿಗೆ ಲಿಥಿಯಂ ಬ್ಯಾಟರಿ ಹಾಕಿದ ಅನುಭವ

ಕಳೆದ ಶನಿವಾರ ಸಂಜೆ ನಮ್ಮ ಟ್ರೇಲರಿನ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಮುಟ್ಟಿಸಿದೆ. 14.4 ವೋಲ್ಟ್ ತೋರಿಸಿತು. ಈ ಒಂದು ಅಂಕಿ ನೋಡುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಬ್ಯಾಟರಿಗಳ ಬೆಲೆಯೂ ಸೇರಿ 1,218 ಡಾಲರ್ ಖರ್ಚಾಯಿತು. ವಯಸ್ಸಾದ ಅಪ್ಪ ಅಮ್ಮನನ್ನು ಗ್ರ್ಯಾಂಡ್ ಕ್ಯಾನ್ಯನ್ನಿನ ಚಳಿಯಲ್ಲಿ ಒಂದು ರಾತ್ರಿ ನಡುಗಿಸಿದ ಸಂಕಟ ಬೇರೆ. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಹಳೆಯ ಟ್ರೇಲರನ್ನೋ ತನ್ನದೇ ಎಂಜಿನ್ ಇರುವ ಮನೆಗಾಡಿಯಾದ ಮೋಟರ್‌ಹೋಮನ್ನೋ ಕೊಂಡು ಸುತ್ತುವವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಆ ರಾತ್ರಿ ತಪ್ಪಿದರೆ ನನಗೆ ಸಮಾಧಾನ.

ನಾವಿರುವುದು ಅರಿಝೋನಾದ ಚಾಂಡ್ಲರಿನಲ್ಲಿ. ನಮ್ಮದು 2017ರ ಮಾದರಿಯ, 24 ಅಡಿ ಉದ್ದದ ಟ್ರೇಲರ್. 2022ರಲ್ಲಿ ಹಳೆಯದನ್ನೇ ಕೊಂಡೆವು. ಇದನ್ನು ನೋಡದವರಿಗೆ ಒಂದು ಮಾತು: ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ ಇದು. ಒಲೆ, ಮಂಚ, ಬಚ್ಚಲು ಎಲ್ಲ ಒಳಗೇ ಇರುತ್ತದೆ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿನ ನಿಯಂತ್ರಣ ಫಲಕ ಇವೆಲ್ಲ ನಡೆಯುವುದು 12 ವೋಲ್ಟ್ ಬ್ಯಾಟರಿಯಿಂದ. ಟ್ರೇಲರನ್ನು ಗೋಡೆಯ ಪ್ಲಗ್ಗಿಗೋ ಜನರೇಟರಿಗೋ ಜೋಡಿಸಿದಾಗ 120 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ಬ್ಯಾಟರಿಯನ್ನು ತುಂಬಿಸುವ ಪೆಟ್ಟಿಗೆಗೆ ಇಲ್ಲಿ ಕನ್ವರ್ಟರ್ ಎನ್ನುತ್ತಾರೆ. ಟ್ರೇಲರಿನ ಚಾರ್ಜರ್ ಎಂದರೆ ಇದೇ. ನನ್ನ ಕಥೆಯೆಲ್ಲ ಆ ಪೆಟ್ಟಿಗೆಯ ಸುತ್ತಲೇ ಇದೆ.

2024ರ ಬೇಸಿಗೆಯ ಹೊತ್ತಿಗೆ ನಮ್ಮ ಎರಡು ಸೀಸದ ಬ್ಯಾಟರಿಗಳು ಸತ್ತಿದ್ದವು. ಇಲ್ಲಿನ ಸೆಖೆಗೆ ಅವು ಹೆಚ್ಚು ಕಾಲ ಬಾಳುವುದಿಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ. ಒಂದೊಂದೂ ಸುಮಾರು 25 ಕಿಲೋ ತೂಕ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 11 ಕಿಲೋ, ತುಂಬಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಬಳಸಬಹುದು. 100 ಆಂಪಿಯರ್ ಅವರಿನ (ಅಂದರೆ 10 ಆಂಪಿಯರ್ ಕರೆಂಟನ್ನು ಹತ್ತು ಗಂಟೆ ಕೊಡಬಲ್ಲ) ಎರಡು ಬ್ಯಾಟರಿಗಳನ್ನು ತಲಾ 289 ಡಾಲರಿಗೆ ತರಿಸಿದೆ. ಮಾರುವವರು ಹೇಳಿದ್ದು ಒಂದೇ ಮಾತು: ಹಳೆಯದನ್ನು ತೆಗೆಯಿರಿ, ಹೊಸದನ್ನು ಇಡಿ, ಬೇರೇನೂ ಬದಲಿಸಬೇಕಿಲ್ಲ. ನಾನು ನಂಬಿದೆ. ಅಕ್ಟೋಬರಿನ ಒಂದು ಗುರುವಾರ ಸಂಜೆ ಹಳೆಯದನ್ನು ಬಿಚ್ಚಿ ಹೊಸದನ್ನು ಜೋಡಿಸಲು ಮುಕ್ಕಾಲು ಗಂಟೆ ಸಾಕಾಯಿತು. ಗೋಡೆಯ ಮೇಲಿನ ಫಲಕದಲ್ಲಿ ನಾಲ್ಕು ದೀಪಗಳೂ ಹೊತ್ತಿಕೊಂಡವು, ಅಂದರೆ ಭರ್ತಿ. ಇರಲಿ ಎಂದು ಆ ರಾತ್ರಿ ಪ್ಲಗ್ಗಿಗೂ ಹಾಕಿಟ್ಟು ಬೆಳಿಗ್ಗೆ ಹೊರಟೆವು.

ತಿಪಟೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಅವರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕು ಎನ್ನುವುದು ನನ್ನ ಬಹುದಿನದ ಆಸೆ. ದಕ್ಷಿಣ ಅಂಚಿನ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ರಾತ್ರಿಗೆ ಜಾಗ ಸಿಕ್ಕಿತ್ತು. ಅಲ್ಲಿ ಟ್ರೇಲರಿಗೆ ವಿದ್ಯುತ್ ಸಂಪರ್ಕ ಇಲ್ಲ. ಜನರೇಟರ್ ಹಚ್ಚಬೇಕೆಂದರೆ ನಿಗದಿತ ಸಮಯದಲ್ಲಿ ಮಾತ್ರ. ಸಮುದ್ರ ಮಟ್ಟದಿಂದ ಸುಮಾರು ಏಳು ಸಾವಿರ ಅಡಿ ಎತ್ತರದ ಜಾಗ ಅದು. ಅಕ್ಟೋಬರ್ ಕೊನೆಯಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ.

ಮೊದಲ ರಾತ್ರಿ ಚೆನ್ನಾಗಿಯೇ ಕಳೆಯಿತು. ಎರಡನೆಯ ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಹೀಟರಿನ ಸದ್ದಿಲ್ಲ. ಸ್ವಿಚ್ಚು ಒತ್ತಿದರೆ ದೀಪವಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಅಮ್ಮ ಎದ್ದು ಕುಳಿತು ಶಾಲನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿರುವುದು ಕಂಡಿತು. "ಮಲಗು ಪುಟ್ಟಿ, ನನಗೇನೂ ಆಗಿಲ್ಲ" ಎಂದರು. ಹಲ್ಲು ಕಟಕಟಿಸುವುದು ಕೇಳಿಸುತ್ತಿತ್ತು. ಇದ್ದಬದ್ದ ರಗ್ಗುಗಳನ್ನೆಲ್ಲ ಅವರಿಬ್ಬರಿಗೆ ಹೊದಿಸಿ, ಮಗನನ್ನು ನಮ್ಮಿಬ್ಬರ ನಡುವೆ ಮಲಗಿಸಿಕೊಂಡು ಬೆಳಗಾಗುವುದನ್ನೇ ಕಾದೆವು.

ಬೆಳಿಗ್ಗೆ ಅನುಮತಿಯ ಸಮಯವಾದ ಕೂಡಲೇ ನನ್ನ ಗಂಡ ಜನರೇಟರ್ ಹಚ್ಚಿದರು. ದೀಪ ಬಂತು, ಹೀಟರ್ ಬಂತು. ಆದರೆ ಪಕ್ಕದ ಟ್ರೇಲರಿನ ಹಿರಿಯರೊಬ್ಬರು ಕೊಟ್ಟ ಕ್ಲ್ಯಾಂಪ್ ಮೀಟರನ್ನು ಬ್ಯಾಟರಿಯ ತಂತಿಗೆ ಹಾಕಿದರೆ ಸೊನ್ನೆ. ಬ್ಯಾಟರಿಗೆ ಒಂದು ಆಂಪಿಯರೂ ಹೋಗುತ್ತಿರಲಿಲ್ಲ. ಕಾರಣ ಆಮೇಲೆ ತಿಳಿಯಿತು: ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರವಾಗಿ ಕೂತು ಕೋಶ ಶಾಶ್ವತವಾಗಿ ಹಾಳಾಗುತ್ತದೆ. ಆದ್ದರಿಂದ ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟು ಚಾರ್ಜನ್ನು ತಡೆದಿತ್ತು. ನಮ್ಮ ಬ್ಯಾಟರಿಗಳು ಟ್ರೇಲರಿನ ಮೂತಿಯ ಮೇಲೆ, ಬಯಲಿನಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದವು. ಬಿಸಿಲೇರಿ ಅವು ಬೆಚ್ಚಗಾಗುವ ಹೊತ್ತಿಗೆ ಜನರೇಟರಿನ ಸಮಯ ಮುಗಿದಿತ್ತು. ಸಂಜೆ ಮತ್ತೆ ಎರಡು ಗಂಟೆ ಹಚ್ಚಿದೆವು. ಈಗ ಕರೆಂಟು ಹೋಯಿತು, ಆದರೆ ಬರೀ 11 ಆಂಪಿಯರ್. 55 ಆಂಪಿಯರ್ ಎಂದು ಬರೆದಿದ್ದ ಕನ್ವರ್ಟರ್ ಅದು! ಎರಡು ಗಂಟೆಗೆ 22 ಆಂಪಿಯರ್ ಅವರ್. ಹೀಟರಿನ ಫ್ಯಾನಿಗೇ ಒಂದು ರಾತ್ರಿಗೆ 40ಕ್ಕಿಂತ ಹೆಚ್ಚು ಬೇಕು. ಮೂರನೆಯ ರಾತ್ರಿ ಉಳಿಯುವ ಧೈರ್ಯವಾಗಲಿಲ್ಲ. ಕತ್ತಲಾಗುವ ಮೊದಲೇ ಕಟ್ಟಿಕೊಂಡು ಮನೆಗೆ ಹೊರಟೆವು.

ದಾರಿಯುದ್ದಕ್ಕೂ ನಾನು ಬ್ಯಾಟರಿಯನ್ನೇ ಬೈಯುತ್ತಿದ್ದೆ. ಅಪ್ಪ ಮಾತ್ರ ಸುಮ್ಮನಿದ್ದರು. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ ಬೆಸ್ಕಾಂನಲ್ಲಿ ನಿವೃತ್ತರಾದವರು ಅವರು. ಫ್ಲ್ಯಾಗ್‌ಸ್ಟಾಫ್ ದಾಟಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: "ಪೆಟ್ಟಿಗೆಯ ಹತ್ತಿರ ಎಷ್ಟು ವೋಲ್ಟು, ಬ್ಯಾಟರಿಯ ಹತ್ತಿರ ಎಷ್ಟು ವೋಲ್ಟು, ಅಳೆದೆಯಾ?" ನಾನು ಅಳೆದಿರಲಿಲ್ಲ.

ಮಾರನೆಯ ದಿನ ಮನೆಯಂಗಳದಲ್ಲಿ ಅಳೆದೆವು. ಕನ್ವರ್ಟರಿನ ಬಾಯಲ್ಲಿ 13.6 ವೋಲ್ಟ್. ಇಪ್ಪತ್ತು ಅಡಿ ಆಚೆ, ಬ್ಯಾಟರಿಯ ಟರ್ಮಿನಲ್ಲಿನಲ್ಲಿ 13.0. ನಡುವೆ ಹೋದ 0.6 ವೋಲ್ಟು ತೆಳು ತಂತಿಯಲ್ಲಿ, ಹಸಿರು ಕಿಲುಬು ಹಿಡಿದ ಒಂದು ಲಗ್ಗಿನಲ್ಲಿ (ತಂತಿಯ ತುದಿಗೆ ಒತ್ತುವ ಲೋಹದ ಕೊಂಡಿ) ಸೋರುತ್ತಿತ್ತು. ಆ ಲಗ್ಗಿನ ನಟ್ಟನ್ನು ಅಪ್ಪ ಬೆರಳಿನಿಂದಲೇ ಅರ್ಧ ಸುತ್ತು ತಿರುಗಿಸಿ ನನ್ನ ಮುಖ ನೋಡಿದರು. ಆಮೇಲೆ ಊರಿನ ಮನೆಯ ಸಂಪು, ಮೇಲಿನ ಟ್ಯಾಂಕುಗಳ ಲೆಕ್ಕದಲ್ಲಿ ಬಿಡಿಸಿ ಹೇಳಿದರು. ಎರಡು ತೊಟ್ಟಿಗಳ ನೀರಿನ ಮಟ್ಟ ಹತ್ತಿರ ಹತ್ತಿರ ಇದ್ದು, ನಡುವೆ ಸಣ್ಣ ಪೈಪಿದ್ದರೆ ನೀರು ತೊಟ್ಟಿಕ್ಕುತ್ತದೆ, ಹರಿಯುವುದಿಲ್ಲ. ನಮ್ಮಲ್ಲಿ ಆಗಿದ್ದೂ ಅದೇ.

ಇಷ್ಟಕ್ಕೇ ಮುಗಿಯಲಿಲ್ಲ. ಬ್ಯಾಟರಿಯ ಕೈಪಿಡಿಯನ್ನು, ಕನ್ವರ್ಟರಿನ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ದೊಡ್ಡ ಕಾರಣ ಕಂಡಿತು. ಸೀಸದ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿರುವಾಗ 12.6 ಅಥವಾ 12.7 ವೋಲ್ಟ್ ತೋರಿಸುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೋ ಅರ್ಧ ಖಾಲಿಯಾಗಿದ್ದರೂ 13.1ರ ಆಸುಪಾಸಿನಲ್ಲಿರುತ್ತದೆ, ಪೂರ್ತಿ ತುಂಬಿ ವಿಶ್ರಮಿಸಿದಾಗ 13.3, 13.4. ನಡುವಿನ ವ್ಯತ್ಯಾಸ ಅಷ್ಟೇ. ಹೊಸ ಬ್ಯಾಟರಿಗಳು ಸಾಗಣೆಯ ಸುರಕ್ಷತೆಗಾಗಿ ಅರ್ಧ ಚಾರ್ಜಿನಲ್ಲೋ ಅದಕ್ಕಿಂತ ಕಡಿಮೆಯಲ್ಲೋ ಬರುತ್ತವೆ. ಸೀಸವನ್ನೇ ನೋಡಿ ಪಳಗಿದ ಹಳೆಯ ಕನ್ವರ್ಟರ್ ಆ 13.1ನ್ನು ಕಂಡು, ಇದು ಭರ್ತಿಯಾಗಿದೆ ಎಂದು ತಿಳಿದು, 13.2ರ ನಿರ್ವಹಣೆಯ ಮಟ್ಟಕ್ಕೆ ಇಳಿದು ಕೂತಿತ್ತು. ಅರ್ಧ ಊಟಕ್ಕೇ ಎಲೆ ಎತ್ತಿದಂತೆ. ಗೋಡೆಯ ಫಲಕದ ನಾಲ್ಕು ದೀಪಗಳೂ ಸೀಸದ ಲೆಕ್ಕದವೇ. ಅವು ಹೇಳಿದ 'ಭರ್ತಿ'ಗೂ ಬ್ಯಾಟರಿಯೊಳಗಿನ ನಿಜಕ್ಕೂ ಸಂಬಂಧವೇ ಇರಲಿಲ್ಲ.

ಹಾಗಾದರೆ ಕನ್ವರ್ಟರಿನ ಮೇಲೆ 14.4 ವೋಲ್ಟಿನ ವೇಗದ ಹಂತವೂ ಇದೆ ಎಂದು ಬರೆದಿತ್ತಲ್ಲ? ಬ್ಯಾಟರಿ ಜೋರಾಗಿ ಕರೆಂಟು ಎಳೆದು ಕನ್ವರ್ಟರಿನ ಬಾಯಲ್ಲೇ ವೋಲ್ಟೇಜು ಕುಸಿದಾಗ ಮಾತ್ರ ಅದು ಆ ಹಂತಕ್ಕೆ ಏರುತ್ತಿತ್ತು. ನಮ್ಮಲ್ಲಿ ಕುಸಿತವೆಲ್ಲ ಉದ್ದ ತಂತಿಯಲ್ಲೇ ಆಗಿ, ಬ್ಯಾಟರಿ ಹಸಿದಿರುವ ಸಂಗತಿ ಕನ್ವರ್ಟರಿಗೆ ಮುಟ್ಟಲೇ ಇಲ್ಲ. ಹೊರಡುವ ಹಿಂದಿನ ರಾತ್ರಿ 13.2ರಲ್ಲಿ ಕೂತಿರಬೇಕು, ಮರಳಿ ಬಂದು ಅಳೆದಾಗ 13.6. ನಾವು ನೋಡಿದಷ್ಟು ಹೊತ್ತೂ 14.4 ಬರಲಿಲ್ಲ.

ಆ ದಿನಗಳಲ್ಲಿ ಓದುತ್ತಾ ಹೋದಾಗ ಒಂದು ಸಂಗತಿ ಸಿಕ್ಕಿ ಮನಸ್ಸು ಅರಳಿತು. ಈ ಬಗೆಯ ಬ್ಯಾಟರಿಗೆ ಬುನಾದಿ ಹಾಕಿದ 1997ರ ಸಂಶೋಧನಾ ಪ್ರಬಂಧಕ್ಕೆ ಮೂವರು ಲೇಖಕರು. ಒಬ್ಬರು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್, 2019ರಲ್ಲಿ ನೊಬೆಲ್ ಪಡೆದವರು. ಇನ್ನಿಬ್ಬರು ಪಾಧಿ ಮತ್ತು ನಂಜುಂಡಸ್ವಾಮಿ. ಆ ಹೆಸರನ್ನು ಓದಿ ಹೇಳಿದಾಗ ಅಮ್ಮ ಒಲೆಯ ಮುಂದಿನಿಂದ ತಿರುಗಿ "ಯಾರು?" ಎಂದು ಕೇಳಿದರು. ಮತ್ತೊಮ್ಮೆ ಹೇಳಿಸಿಕೊಂಡರು.

ನವೆಂಬರ್ ಮೊದಲ ವಾರ ಮನೆಗೇ ಬಂದು ರಿಪೇರಿ ಮಾಡುವ ತಂತ್ರಜ್ಞರೊಬ್ಬರನ್ನು ಕರೆದೆವು. ಬರಲು ಮೂರು ವಾರ ತೆಗೆದುಕೊಂಡರು. 100 ಆಂಪಿಯರಿನ ಲಿಥಿಯಂ ಚಾರ್ಜರ್ ಹಾಕೋಣ, ಕೂಲಿ ಸೇರಿ 650 ಡಾಲರ್ ಎಂದರು. ತಂತಿಯನ್ನು ನೋಡಲಿಲ್ಲ, ಜನರೇಟರ್ ಯಾವುದೆಂದು ಕೇಳಲಿಲ್ಲ. ದೊಡ್ಡದಾದರೆ ಬೇಗ ತುಂಬುತ್ತದೆ ಎಂದು ನನಗೂ ಆಸೆಯಾಯಿತು. ಆದರೆ ಅಪ್ಪ ಕಾಗದ ಪೆನ್ನು ಕೇಳಿದರು.

ಲೆಕ್ಕ ಹೀಗೆ. 14.6 ವೋಲ್ಟಿನಲ್ಲಿ 100 ಆಂಪಿಯರ್ ಎಂದರೆ 1,460 ವಾಟ್. ಚಾರ್ಜರಿನ ದಕ್ಷತೆ ನೂರಕ್ಕೆ 85 ಎಂದು ಹಿಡಿದರೆ ಜನರೇಟರಿನಿಂದ ಸುಮಾರು 1,700 ವಾಟ್ ಬೇಕು. ಎಳೆದ ಕರೆಂಟೆಲ್ಲ ಕೆಲಸಕ್ಕೆ ಬರುವಂತೆ ನೋಡಿಕೊಳ್ಳುವ, ಅಂದರೆ ಪವರ್ ಫ್ಯಾಕ್ಟರ್ ಸರಿಪಡಿಸುವ ವ್ಯವಸ್ಥೆ ಚಾರ್ಜರಿನಲ್ಲಿ ಇಲ್ಲದಿದ್ದರೆ ಜನರೇಟರಿನ ಮೇಲಿನ ಭಾರ ಇನ್ನೂ ಹೆಚ್ಚು. ನಮ್ಮ ಜನರೇಟರ್ ಬಿಡದೆ ಕೊಡುವುದು 1,800 ವಾಟ್, ಅದೂ ಸಮುದ್ರ ಮಟ್ಟದಲ್ಲಿ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಎಂಜಿನ್ನಿನ ಶಕ್ತಿ ನೂರಕ್ಕೆ ಮೂರರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಕುಗ್ಗುತ್ತದೆ. ಏಳು ಸಾವಿರ ಅಡಿಯಲ್ಲಿ ನಮಗೆ ಸಿಗುವುದು 1,400 ವಾಟಿನ ಆಸುಪಾಸು. 100 ಆಂಪಿಯರ್ ಚಾರ್ಜರ್ ಹಾಕಿದ್ದರೆ ಎಲ್ಲಿ ಅದರ ಅಗತ್ಯವಿತ್ತೋ ಅಲ್ಲೇ ಜನರೇಟರ್ ಉಸಿರು ನಿಲ್ಲಿಸುತ್ತಿತ್ತು. 55 ಆಂಪಿಯರಿನದಾದರೆ ಸುಮಾರು 950 ವಾಟ್. ಮನೆಯ 15 ಆಂಪಿಯರ್ ಪ್ಲಗ್ಗಿಗೂ ಅದು ಭಾರವಲ್ಲ.

ಬ್ಯಾಟರಿಯ ಕಡೆಯಿಂದಲೂ ಲೆಕ್ಕ ಹಾಕಬೇಕು. ನಮ್ಮ ಕೈಪಿಡಿ ಹೇಳುವುದು: ಒಂದೊಂದು ಬ್ಯಾಟರಿಗೆ ಗರಿಷ್ಠ 50 ಆಂಪಿಯರ್, ಚಾರ್ಜಿನ ವೋಲ್ಟೇಜು 14.2ರಿಂದ 14.6ರ ಒಳಗೆ; ವೋಲ್ಟೇಜನ್ನು ಆಗಾಗ ಇನ್ನೂ ಮೇಲಕ್ಕೇರಿಸುವ ಈಕ್ವಲೈಸ್ ಹಂತ ಕೂಡದು; ಉಷ್ಣತೆಗೆ ತಕ್ಕಂತೆ ವೋಲ್ಟೇಜು ಏರಿಳಿಸುವ ವ್ಯವಸ್ಥೆ ಇದ್ದರೆ ಆರಿಸಿಡಬೇಕು. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಚಾರ್ಜರ್ ಹುಡುಕಲು ಹೊರಡಿ. ಸೀಸದ ಬ್ಯಾಟರಿಯ ಚಾರ್ಜರುಗಳಲ್ಲಿ ಕೆಲವು ಆಗಾಗ 15 ವೋಲ್ಟಿನ ಮೇಲಕ್ಕೂ ಏರಿಸುತ್ತವೆ. ಸೀಸದ ತಟ್ಟೆಗಳ ಮೇಲೆ ಕೂತ ಸಲ್ಫೇಟನ್ನು ಬಿಡಿಸಲು ಅದು ಬೇಕು. ಲಿಥಿಯಮ್ಮಿಗೆ ಆ ವೋಲ್ಟೇಜು ಮುಟ್ಟಿದರೆ ಬಿಎಂಎಸ್ ಸಂಪರ್ಕವನ್ನೇ ಕಡಿದುಬಿಡುತ್ತದೆ. ಚಳಿಯಲ್ಲಿ ವೋಲ್ಟೇಜು ಏರಿಸುವುದೂ ಸೀಸಕ್ಕೆ ಒಳ್ಳೆಯದು, ಇದಕ್ಕಲ್ಲ.

ತಂತ್ರಜ್ಞರಿಗೆ ಬೇಡವೆಂದು ಹೇಳಿ, ನಾವೇ ಹಾಕುವುದೆಂದು ನಿಶ್ಚಯಿಸಿದೆವು. ಟ್ರೇಲರಿನ ವಿದ್ಯುತ್ ಪೆಟ್ಟಿಗೆಯ ಮೇಲ್ಭಾಗದಲ್ಲಿ ಬ್ರೇಕರುಗಳು, ಫ್ಯೂಸುಗಳು, ಕೆಳಭಾಗದಲ್ಲಿ ಕನ್ವರ್ಟರ್. ಹಲವು ಪೆಟ್ಟಿಗೆಗಳಲ್ಲಿ ಕೆಳಭಾಗವನ್ನಷ್ಟೇ ಬಿಚ್ಚಿ ಹೊಸದನ್ನು ಕೂರಿಸಬಹುದು. ಈ ಸಂಗತಿ ಮೊದಲೇ ಗೊತ್ತಿದ್ದರೆ ಎಷ್ಟೋ ಹುಡುಕಾಟ ಉಳಿಯುತ್ತಿತ್ತು. ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿರುವ ಮಾದರಿ ಸಂಖ್ಯೆಯ ಫೋಟೋ ತೆಗೆದುಕೊಂಡು, ಅದಕ್ಕೆ ಹೊಂದುವ ಕೆಳಭಾಗ ಯಾವುದೆಂದು ನೋಡಿ. ಅಗಲ, ಎತ್ತರವನ್ನೂ ಅಳೆಯಿರಿ.

ಇಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ಮೊದಲು ತರಿಸಿದ್ದು ಬ್ಯಾಟರಿ ಸೀಸದ್ದೋ ಲಿಥಿಯಮ್ಮೋ ಎಂದು ತಾನೇ ಗುರುತಿಸುವ ಬಗೆಯ ಚಾರ್ಜರ್, 199 ಡಾಲರ್. ಮೊದಲ ದಿನ ಸರಿಯಾಗಿ ಗುರುತಿಸಿ 14.6ಕ್ಕೆ ಏರಿತು. ಮನೆಯಲ್ಲಿ ಹಬ್ಬದ ಸಂಭ್ರಮ. ನಾಲ್ಕು ದಿನ ಬಿಟ್ಟು ಮತ್ತೆ ಪ್ಲಗ್ಗಿಗೆ ಹಾಕಿದರೆ ಸೀಸದ ದೀಪ ಹೊತ್ತಿಕೊಂಡಿತ್ತು. ಮೇಲ್ಛಾವಣಿಯ ಸೌರ ಫಲಕವೂ ಅದೇ ಹೊತ್ತಿಗೆ ಬ್ಯಾಟರಿಗೆ ಕರೆಂಟು ಹರಿಸುತ್ತಿದ್ದುದರಿಂದ ಅದಕ್ಕೆ ಗೊಂದಲವಾಗಿರಬೇಕು ಎಂಬುದು ನನ್ನ ಊಹೆ. ಎರಡು ಸಲ ಆರಿಸಿ ಹಚ್ಚಿದಾಗ ಒಮ್ಮೆ ಹಾಗೆ, ಒಮ್ಮೆ ಹೀಗೆ. ಚಳಿಯ ರಾತ್ರಿಯಲ್ಲಿ ಅಪ್ಪ ಅಮ್ಮನನ್ನು ಅದರ ಊಹೆಗೆ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ವಾಪಸ್ಸು ಕಳಿಸಿದೆ. ಮಾಲನ್ನು ಮರಳಿ ಪಡೆಯಲು ಮಾರುವವರು ಕಡಿದುಕೊಂಡ ಶುಲ್ಕ ನೂರಕ್ಕೆ 15, ಸಾಗಣೆ ಬೇರೆ, ಒಟ್ಟು 54 ಡಾಲರ್ ಹೋಯಿತು. ಹಣ ಮರಳಲು ಹದಿನೆಂಟು ದಿನ. ಕೊಳ್ಳುವ ಮೊದಲೇ ವಾಪಸಾತಿಯ ನಿಯಮ ಓದಿ, ಪ್ಯಾಕಿಂಗನ್ನು ಹರಿಯದೆ ಇಟ್ಟುಕೊಳ್ಳಿ.

ಎರಡನೆಯದು 245 ಡಾಲರಿನದು. ಅದರಲ್ಲಿ ಸೀಸ ಅಥವಾ ಲಿಥಿಯಂ ಎಂದು ನಾವೇ ಸರಿಸುವ ಚಿಕ್ಕ ಸ್ವಿಚ್ಚಿದೆ. ಲಿಥಿಯಂ ಕಡೆಗೆ ಸರಿಸಿದರೆ 14.6 ಕೊಡುತ್ತದೆ, ಈಕ್ವಲೈಸ್ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಸ್ವಿಚ್ಚು ಇರುವುದನ್ನೇ ಕೊಳ್ಳಿ.

ಡಿಸೆಂಬರಿನ ಎರಡನೆಯ ಶನಿವಾರ ಕೆಲಸಕ್ಕೆ ಕೂತೆವು. ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಎಲ್‌ಸಿ ತೆಗೆದುಕೊಳ್ಳುತ್ತಾರೆ, ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ಕಡಿದಿದೆ ಎಂಬ ಖಾತರಿ. ಅಪ್ಪ ಟ್ರೇಲರಿಗೂ ಅದನ್ನೇ ಮಾಡಿಸಿದರು. ಗೋಡೆಯ ಪ್ಲಗ್ಗು ಕಿತ್ತು ಅದರ ತುದಿಯನ್ನು ಮಗನ ಕೈಗೆ ಕೊಟ್ಟು, "ನಾನು ಹೇಳುವವರೆಗೂ ಇದು ನಿನ್ನ ಹತ್ತಿರವೇ ಇರಬೇಕು ಕಣಪ್ಪ" ಎಂದರು. ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿದರು. ಸೌರ ಫಲಕವನ್ನು ನಾನು ಮರೆತಿದ್ದೆ. ಬಿಸಿಲಿದ್ದಷ್ಟು ಹೊತ್ತೂ ಅದರ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಅದನ್ನೂ ಬಿಡಿಸಿ, ಎಲ್ಲ ಕಡೆ ಮೀಟರ್ ಇಟ್ಟು ಸೊನ್ನೆ ನೋಡಿದ ಮೇಲೆಯೇ ತಿರುಪುಳಿಗೆ ಕೈ ಹಾಕಲು ಬಿಟ್ಟರು. 120 ವೋಲ್ಟಿನ ಕಡೆಯ ಕೆಲಸ ನಿಮಗೆ ಗೊತ್ತಿಲ್ಲದಿದ್ದರೆ ಅಷ್ಟನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿ.

ಇಷ್ಟು ಜಾಗರೂಕತೆಯ ನಡುವೆಯೂ ಒಂದು ಎಡವಟ್ಟಾಯಿತು. ಪೆಟ್ಟಿಗೆಯಲ್ಲಿದ್ದ ದಪ್ಪ ತಂತಿಗಳು ಎರಡು, ಒಂದು ಕಪ್ಪು, ಒಂದು ಬಿಳಿ. ಊರಿನಲ್ಲಿ ನಲವತ್ತು ವರ್ಷ ಅಪ್ಪನಿಗೆ ಕಪ್ಪು ಎಂದರೆ ನ್ಯೂಟ್ರಲ್. ಕಾರಿನಲ್ಲೂ ಕಪ್ಪು ಎಂದರೆ ಮೈನಸ್. ನಾವಿಬ್ಬರೂ ಒಂದು ಕ್ಷಣವೂ ಅನುಮಾನಿಸದೆ ಕಪ್ಪನ್ನು ಮೈನಸ್ಸಿಗೆ ಕೊಟ್ಟೆವು. ಬ್ಯಾಟರಿಯ ಸಂಪರ್ಕ ಕೊಟ್ಟ ಕೂಡಲೇ ಒಂದು ಕಿಡಿ, ಒಂದು ಚಟ್ ಸದ್ದು. ಇಲ್ಲಿನ ಟ್ರೇಲರುಗಳ 12 ವೋಲ್ಟ್ ವೈರಿಂಗಿನಲ್ಲಿ ಸಾಮಾನ್ಯವಾಗಿ ಕಪ್ಪು ಪ್ಲಸ್, ಬಿಳಿ ಮೈನಸ್! ಪುಣ್ಯಕ್ಕೆ ಹೊಸ ಚಾರ್ಜರಿನ ಮುಂದೆ ಎರಡು ಫ್ಯೂಸುಗಳು ಇದಕ್ಕೆಂದೇ ಇರುತ್ತವೆ. ಅವೆರಡು ಸುಟ್ಟು ಚಾರ್ಜರನ್ನು ಉಳಿಸಿದವು. ಅಪ್ಪನ ಮುಖ ಬಿಳುಚಿಕೊಂಡಿತ್ತು. ಇಷ್ಟು ವರ್ಷ ಸರ್ವಿಸಿನಲ್ಲಿ ಹೀಗಾಗಿರಲಿಲ್ಲ ಎಂದು ಆ ದಿನವೆಲ್ಲ ಹೇಳಿಕೊಂಡರು. 9 ಡಾಲರಿಗೆ ಹೊಸ ಫ್ಯೂಸು ತಂದೆವು. ಬಣ್ಣವನ್ನು ನಂಬಬೇಡಿ, ಹಳೆಯದನ್ನು ಬಿಚ್ಚುವ ಮೊದಲೇ ಮೀಟರಿನಿಂದ ಪ್ಲಸ್ ಯಾವುದೆಂದು ನೋಡಿ, ಪಟ್ಟಿ ಅಂಟಿಸಿ, ಫೋಟೋ ತೆಗೆದುಕೊಳ್ಳಿ.

ತಂತಿಯ ಸಮಸ್ಯೆ ಬಾಕಿ ಇತ್ತು. ಇಪ್ಪತ್ತು ಅಡಿಯುದ್ದಕ್ಕೂ ದಪ್ಪ ತಂತಿ ಎಳೆಯುವ ಬದಲು ಬ್ಯಾಟರಿಗಳನ್ನೇ ಒಳಗೆ ತಂದೆವು. ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುವುದರಿಂದ ಅದು ಹೊರಗಿರಬೇಕು. ನಮ್ಮ ಲಿಥಿಯಂ ಬ್ಯಾಟರಿ ಸಾಮಾನ್ಯ ಬಳಕೆಯಲ್ಲಿ ಹಾಗೆ ಅನಿಲ ಬಿಡುವುದಿಲ್ಲ. ಊಟದ ಮೇಜಿನ ಬೆಂಚಿನ ಕೆಳಗೆ, ಚಾರ್ಜರಿನಿಂದ ಐದೇ ಅಡಿ ದೂರದಲ್ಲಿ, ಅಲುಗದಂತೆ ಪಟ್ಟಿ ಬಿಗಿದು ಕೂರಿಸಿದೆವು. ತಂತಿ ಮೋಟಾಯಿತು, ಚಳಿಯ ಚಿಂತೆಯೂ ದೂರವಾಯಿತು, ಏಕೆಂದರೆ ಜನ ಮಲಗುವ ಜಾಗ ಸಾಮಾನ್ಯವಾಗಿ ಸೊನ್ನೆಗೆ ಇಳಿಯುವುದಿಲ್ಲ. ನಂಬರ್ 4 ಗೇಜಿನ ತಾಮ್ರದ ತಂತಿ, ಲಗ್ಗುಗಳು, ತಂತಿಗಳೆಲ್ಲ ಒಂದೆಡೆ ಸೇರುವ ಲೋಹದ ಪಟ್ಟಿ (ಬಸ್ ಬಾರ್) ಸೇರಿ 96 ಡಾಲರ್. ಲಗ್ಗು ಒತ್ತುವ ಹೈಡ್ರಾಲಿಕ್ ಇಕ್ಕಳ 45. ಬ್ಯಾಟರಿಯ ಪ್ಲಸ್ಸಿಗೆ ಅತಿ ಸಮೀಪದಲ್ಲಿ, ಭಾರೀ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಎಂಬ ಬಗೆಯ ಫ್ಯೂಸು ಮತ್ತು ಅದರ ಗೂಡಿಗೆ 62. ಇದನ್ನು ಉಳಿಸಲು ಹೋಗಬೇಡಿ. ಲಿಥಿಯಂ ಬ್ಯಾಟರಿ ಶಾರ್ಟಾದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಸಾಧಾರಣ ಫ್ಯೂಸು ಕರಗಿದ ಮೇಲೂ ಅದರೊಳಗೆ ಕಿಡಿ ಹಾಯುತ್ತಲೇ ಇರಬಹುದು.

ಬ್ಯಾಟರಿ ಒಳಗೆ ಬಂದ ಖುಷಿಯಲ್ಲಿ ಒಂದು ಪ್ರಾಣಾಪಾಯದ ಸಂಗತಿ ತಪ್ಪಿಹೋಗುವುದರಲ್ಲಿತ್ತು. ಹಳೆಯ ಡಬ್ಬಿಯಲ್ಲಿ ಎರಡು ಸಣ್ಣ ತಂತಿಗಳು ಅನಾಥವಾಗಿ ನೇತಾಡುತ್ತಿದ್ದವು. ಒಂದು, ಟ್ರೇಲರಿನ ಮೂತಿಯನ್ನು ಎತ್ತಿಳಿಸುವ ಜಾಕಿನದು. ಇನ್ನೊಂದು ಬ್ರೇಕ್‌ಅವೇ ಸ್ವಿಚ್ಚಿನದು. ಓಡುತ್ತಿರುವಾಗ ಟ್ರೇಲರ್ ಕಾರಿನಿಂದ ಕಳಚಿಕೊಂಡರೆ ಒಂದು ಪಿನ್ನು ಕಿತ್ತು, ಟ್ರೇಲರಿನ ಬ್ಯಾಟರಿಯಿಂದಲೇ ಅದರ ಬ್ರೇಕು ಹಿಡಿಯುವ ವ್ಯವಸ್ಥೆ ಅದು. ಆ ತಂತಿಗೆ ಬ್ಯಾಟರಿ ಇಲ್ಲದಿದ್ದರೆ ಹೆದ್ದಾರಿಯಲ್ಲಿ ಕಳಚಿದ ಟ್ರೇಲರ್ ನಿಲ್ಲುವುದೇ ಇಲ್ಲ. ಹಳೆಯ ಉದ್ದ ತಂತಿಯನ್ನು ಫ್ಯೂಸಿನೊಂದಿಗೆ ಇವೆರಡಕ್ಕೇ ಉಳಿಸಿಕೊಂಡು, ಪಿನ್ನು ಕಿತ್ತು, ಬ್ರೇಕು ಹಿಡಿಯುವುದನ್ನು ಕಣ್ಣಾರೆ ನೋಡಿದೆವು. ಬ್ಯಾಟರಿಯ ಜಾಗ ಬದಲಿಸುವವರು ದಯವಿಟ್ಟು ಈ ಪರೀಕ್ಷೆ ಮಾಡದೆ ಗೇಟು ದಾಟಬೇಡಿ.

ಚಾರ್ಜರ್ ಎಂದರೆ ಗೋಡೆಯ ಪ್ಲಗ್ಗಿನದು ಒಂದೇ ಅಲ್ಲ. ಸೌರ ನಿಯಂತ್ರಕದಲ್ಲಿ ಸೀಸದ ಆಯ್ಕೆಯಿದ್ದು, ಅದು ನಿಗದಿತ ದಿನಗಳಿಗೊಮ್ಮೆ ಈಕ್ವಲೈಸ್ ಮಾಡುತ್ತಿತ್ತು; ಲಿಥಿಯಮ್ಮಿಗೆ ಬದಲಿಸಿದೆ, ಎರಡು ಗುಂಡಿ ಒತ್ತುವ ಕೆಲಸ. ಕಾರಿನಿಂದ ಏಳು ಪಿನ್ನಿನ ಕನೆಕ್ಟರಿನಲ್ಲಿ ಬರುವ ಚಾರ್ಜು ತಂತಿ ತೆಳುವಾದ್ದರಿಂದ ಹೆಚ್ಚು ಕರೆಂಟು ತರುವುದಿಲ್ಲ, ಆದರೆ ಎಂಜಿನ್ ಆರಿದಾಗ ಲಿಥಿಯಮ್ಮಿನಿಂದ ಕಾರಿನ ಬ್ಯಾಟರಿಗೆ ಹಿಮ್ಮುಖವಾಗಿ ಹರಿಯಬಹುದು. ಸದ್ಯಕ್ಕೆ ಆ ತಂತಿಯ ಫ್ಯೂಸನ್ನು ತೆಗೆದಿಟ್ಟಿದ್ದೇವೆ. ಮೋಟರ್‌ಹೋಮ್ ಇರುವವರು ಇದನ್ನು ಹೀಗೆ ಹಗುರವಾಗಿ ಬಿಡುವಂತಿಲ್ಲ. ಅಲ್ಲಿ ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ದಪ್ಪ ತಂತಿ ಇರುತ್ತದೆ. ಹಸಿದ ಲಿಥಿಯಂ ಬ್ಯಾಟರಿ ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರನ್ನು ಸುಟ್ಟುಬಿಡಬಹುದು. ನಡುವೆ ಆ ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಲೇಬೇಕು.

ಫಲಕದ ದೀಪಗಳನ್ನು ಇನ್ನು ನಂಬುವಂತಿಲ್ಲವಾದ್ದರಿಂದ ಷಂಟ್ (ಹರಿಯುವ ಕರೆಂಟನ್ನು ಅಳೆಯಲು ಮೈನಸ್ ದಾರಿಯಲ್ಲಿ ಕೂರಿಸುವ ಲೋಹದ ತುಂಡು) ಇರುವ ಮಾನಿಟರ್ ಹಾಕಿದೆವು, 129 ಡಾಲರ್. ಒಳಹೋದ, ಹೊರಬಂದ ಪ್ರತಿ ಆಂಪಿಯರನ್ನೂ ಅದು ಎಣಿಸುತ್ತದೆ. ಮೊದಲ ಸಲ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೇ ಅದಕ್ಕೆ ನೂರು ಎಂದು ಹೇಳಿಕೊಡಬೇಕು. ಎಲ್ಲ ಮೈನಸ್ ತಂತಿಗಳೂ ಷಂಟಿನ ಆಚೆ ಬದಿಗೇ ಸೇರಬೇಕು. ಒಂದು ತಪ್ಪಿದರೂ ಲೆಕ್ಕ ಸುಳ್ಳಾಗುತ್ತದೆ.

ಊರಿನಲ್ಲಿ ಮನೆಯ ಯುಪಿಎಸ್‌ಗೆ ಲಿಥಿಯಂ ಹಾಕುವ ಯೋಚನೆ ಇರುವವರಿಗೂ ಒಂದು ಮಾತು. ಅಪ್ಪ ತಿಪಟೂರಿನ ಮನೆಯ ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಹಾಕಿ ಬೇಸತ್ತು, ನಾನೂ ಬದಲಿಸಲೇ ಎಂದು ಕೇಳಿದರು. ಯುಪಿಎಸ್‌ನಲ್ಲಿ ಲಿಥಿಯಂ ಆಯ್ಕೆ ಇದೆಯೇ, ಅದರ ಚಾರ್ಜಿಂಗ್ ವೋಲ್ಟೇಜು ಬ್ಯಾಟರಿಯ ಹಾಳೆಗೆ ಹೊಂದುತ್ತದೆಯೇ ಎಂದು ಮೊದಲು ನೋಡಿಯೇ ಮುಂದುವರಿಯಬೇಕು.

ಅಪ್ಪ ಅಮ್ಮ ಡಿಸೆಂಬರ್ ಕೊನೆಯಲ್ಲಿ ಊರಿಗೆ ಮರಳಿದರು. ಮಾನಿಟರಿನ ಕೆಲಸ, ಕೊನೆಯ ಪರೀಕ್ಷೆ ಎರಡೂ ಜನವರಿಗೆ ಉಳಿದವು. ಕಳೆದ ವಾರ ಬ್ಯಾಟರಿಯನ್ನು ನೂರಕ್ಕೆ ಇಪ್ಪತ್ತರ ಮಟ್ಟಕ್ಕೆ ಇಳಿಸಿ, ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಜನರೇಟರ್ ಹಚ್ಚಿದೆ. 52 ಆಂಪಿಯರ್ ಹೋಗತೊಡಗಿತು. ಕೈಯಿಟ್ಟು ನೋಡಿದರೆ ಲಗ್ಗುಗಳು ಬೆಚ್ಚಗೂ ಆಗಿರಲಿಲ್ಲ. ಐದು ಗಂಟೆ ದಾಟುವ ಹೊತ್ತಿಗೆ ಟರ್ಮಿನಲ್ಲಿನಲ್ಲಿ 14.4 ಮುಟ್ಟಿ, ಕರೆಂಟು ಮೆಲ್ಲಗೆ ಇಳಿಯತೊಡಗಿತು. ಅಂದು ಕ್ಯಾನ್ಯನ್ನಿನಲ್ಲಿ ಎರಡು ಗಂಟೆಗೆ 22 ಆಂಪಿಯರ್ ಅವರ್ ಹೋಗಿತ್ತು. ಈಗ ಅದಕ್ಕೆ ಅರ್ಧ ಗಂಟೆ ಸಾಕು.

ತಿಪಟೂರಿನಲ್ಲಿ ಬೆಳಗಿನ ಆರು ಗಂಟೆ ಆಗಿತ್ತು. ಅಪ್ಪ ಎದ್ದಿರುತ್ತಾರೆಂದು ವಿಡಿಯೋ ಕರೆ ಮಾಡಿದೆ. "ಎಲ್ಲಿ ಇಟ್ಟು ಅಳೆದೆ, ಪೆಟ್ಟಿಗೆಯ ಹತ್ತಿರವೋ, ಬ್ಯಾಟರಿಯ ಹತ್ತಿರವೋ?" ಎಂದು ಕೇಳಿದರು. ಮೊಬೈಲನ್ನು ಬೆಂಚಿನ ಕೆಳಗೆ ಹಿಡಿದು ಟರ್ಮಿನಲ್ ತೋರಿಸಿದೆ. ಅದರ ಪಕ್ಕದಲ್ಲೇ, ಹೊರಡುವ ಹಿಂದಿನ ದಿನ ಅವರು ದಪ್ಪ ಪೆನ್ನಿನಲ್ಲಿ ಬರೆದು ಅಂಟಿಸಿದ್ದ ಬಿಳಿ ಪಟ್ಟಿಯೂ ಕಂಡಿತು: "ಕಪ್ಪು ಪ್ಲಸ್. ಬಿಳಿ ಮೈನಸ್. ಮುಟ್ಟುವ ಮೊದಲು ಅಳೆ."